ಕಾರಲ್ಲ ಸ್ವಾಮಿ, ಬಿಡಿಭಾಗ

1957ರಲ್ಲಿ ಇಂಗ್ಲೆಂಡಿನ ಒಬ್ಬ ಪ್ರಜೆ ಲೋಟಸ್ ಸೆವೆನ್ ಎಂಬ ಪುಟಾಣಿ ಕಾರು ಕೊಳ್ಳಲು ಹೋದರೆ ಕಂಪನಿಯವರು ಎರಡು ಬೆಲೆ ಹೇಳುತ್ತಿದ್ದರು. ಜೋಡಿಸಿದ್ದು ಬೇಕೆಂದರೆ 1,036 ಪೌಂಡು. ಬಿಡಿಬಿಡಿಯಾಗಿ ಒಯ್ಯುತ್ತೀರಾದರೆ 536. ಎರಡರಲ್ಲೂ ಅದೇ ಚಕ್ರ, ಅದೇ ಅಲ್ಯೂಮಿನಿಯಂ ತಗಡು, ಫೋರ್ಡ್ ಕಂಪನಿಯ ಅದೇ 1,172 ಸಿಸಿ ಎಂಜಿನ್. ನಟ್ಟು ಬೋಲ್ಟು ಬಿಗಿ ಮಾಡಿದ್ದಕ್ಕೆ 500 ಪೌಂಡು ಕೂಲಿಯೇ ಎಂದು ಲೋಟಸ್ ಫಿಟ್ಟರುಗಳ ಭಾಗ್ಯಕ್ಕೆ ಕರುಬಬೇಡಿ. ಅದರಲ್ಲಿ ದೊಡ್ಡ ಪಾಲು ಸೇರುತ್ತಿದ್ದದ್ದು ರಾಣಿಯವರ ಖಜಾನೆಗೆ.

ಆ ಖಜಾನೆಯವರು 1940ರಲ್ಲಿ, ಹಿಟ್ಲರನ ಬಾಂಬು ಲಂಡನ್ನಿನ ಮೇಲೆ ಬೀಳುತ್ತಿದ್ದ ಹೊತ್ತಿನಲ್ಲಿ, ಪರ್ಚೇಸ್ ಟ್ಯಾಕ್ಸ್ ಎಂಬ ಕೊಳ್ಳುವ ತೆರಿಗೆಯೊಂದನ್ನು ತಂದಿದ್ದರು. ಯುದ್ಧಕಾಲದಲ್ಲಿ ಜನ ಷೋಕಿಗೆ ದುಡ್ಡು ಚೆಲ್ಲಬಾರದು ಎಂಬ ಸದುದ್ದೇಶ. ಹಿಟ್ಲರ್ 1945ರಲ್ಲಿ ಹೋದ. ತೆರಿಗೆ 1973ರವರೆಗೆ ಗಟ್ಟಿಮುಟ್ಟಾಗಿ ಬದುಕಿತು. ಕಾರಿನ ಮೇಲೆ ಅದು 1955ರ ಹೊತ್ತಿಗೆ ನೂರಕ್ಕೆ 60ರಷ್ಟಿತ್ತು. ಅದನ್ನು ವಸೂಲು ಮಾಡುವ ಹೊಣೆ ಕಸ್ಟಮ್ಸ್ ಅಂಡ್ ಎಕ್ಸೈಸ್ ಇಲಾಖೆಯದು. ಬಂದರಿನಲ್ಲಿ ಕಳ್ಳಸಾಗಣೆಯ ಬ್ರಾಂಡಿ ಪೀಪಾಯಿ ಬಡಿದು ನೋಡುತ್ತಿದ್ದ ವಂಶದ ಅಧಿಕಾರಿಗಳು ಈಗ ಮಧ್ಯಮವರ್ಗದವರ ಕಾರ್ ಷೆಡ್ಡಿನ ಮುಂದೆ ನಿಂತು ಮೂಲಭೂತ ಪ್ರಶ್ನೆಯೊಂದನ್ನು ಕೇಳಿಕೊಳ್ಳಬೇಕಾಯಿತು: ಕಾರು ಎಂದರೆ ಯಾವುದು?

ಉಪನಿಷತ್ತಿನಲ್ಲಿ ಕೇಳಬಹುದಾದ ಪ್ರಶ್ನೆ. ಚಕ್ರ ಕಾರಲ್ಲ. ಸ್ಟೀರಿಂಗ್ ಕಾರಲ್ಲ. ಎಂಜಿನ್ನೂ ಕಾರಲ್ಲ. ನೇತಿ, ನೇತಿ. ಹಾಗಾದರೆ ಇವೆಲ್ಲವೂ ಒಂದೇ ಷೆಡ್ಡಿನಲ್ಲಿ ಪಕ್ಕಪಕ್ಕ ಬಿದ್ದಿದ್ದರೆ? ಇಲಾಖೆ ತಲೆ ಕೆರೆದುಕೊಂಡು ಹೇಳಿತು: ಬಿದ್ದಿದ್ದರೆ ಸಾಮಾನು, ಜೋಡಿಸಿದ್ದರೆ ಕಾರು. ಸಾಮಾನಿಗೆ ಈ ತೆರಿಗೆ ಇಲ್ಲ. ಆದರೆ ಕೊಂಡವನು ತಾನೇ ಜೋಡಿಸಿಕೊಳ್ಳಬೇಕು. ಮತ್ತೆ, ಯಾರೂ ಅತಿ ಬುದ್ಧಿವಂತಿಕೆ ತೋರಿಸಬಾರದಲ್ಲ, ಅದಕ್ಕೇ ಇನ್ನೊಂದು ಕಟ್ಟಳೆ: ಬಿಡಿಭಾಗಗಳ ಜೊತೆ ಜೋಡಿಸುವ ವಿಧಾನದ ಪುಸ್ತಕ ಕೊಡಕೂಡದು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬುದು ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಉತ್ತರ ಲಂಡನ್ನಿನ ಹಾರ್ನ್‌ಸಿಯಲ್ಲಿ ಅವನ ಅಪ್ಪ ರೈಲ್ವೆ ಹೋಟೆಲ್ ಎಂಬ ಪಬ್ ನಡೆಸುತ್ತಿದ್ದರು. ಅದರ ಹಿಂದಿದ್ದ ಹಳೇ ಕುದುರೆ ಲಾಯದಲ್ಲಿ, ಮುಂದೆ ಹೆಂಡತಿಯಾದ ಹೇಜಲ್ ಕೊಟ್ಟ 25 ಪೌಂಡು ಸಾಲದಿಂದ 1952ರಲ್ಲಿ ಕಂಪನಿ ಶುರುಮಾಡಿದ ಆಸಾಮಿ. ಓದಿದ್ದು ಕಟ್ಟಡಗಳ ಎಂಜಿನಿಯರಿಂಗ್. ತೂಕ ಇಳಿಸುವುದೇ ಅವನ ಜಪ, ತೆರಿಗೆಯೂ ಒಂದು ತೂಕವೇ. ಕಟ್ಟಳೆಯನ್ನು ಎರಡು ಸಲ ಓದಿದ. ಜೋಡಿಸುವ ವಿಧಾನ ಕೊಡಕೂಡದು ಎಂದಿತ್ತು. ಬಿಚ್ಚುವ ವಿಧಾನ ಕೊಡಕೂಡದು ಎಂದು ಎಲ್ಲೂ ಇರಲಿಲ್ಲ.

ಹೀಗೆ ಲೋಟಸ್ ಸೆವೆನ್ನಿನ ಪೆಟ್ಟಿಗೆಯ ಜೊತೆ ಕಾರನ್ನು ಬಿಚ್ಚುವುದು ಹೇಗೆಂಬ ಕೈಪಿಡಿ ಬಂತು. ಮೊದಲು ಚಕ್ರ ಬಿಚ್ಚಿ, ಆಮೇಲೆ ಸಸ್ಪೆನ್ಷನ್ ಬಿಚ್ಚಿ, ಆಮೇಲೆ ಗೇರ್‌ಬಾಕ್ಸ್ ಇಳಿಸಿ. ಇನ್ನೂ ಜೋಡಿಸದೇ ಇರುವ ಕಾರನ್ನು ಬಿಚ್ಚುವ ಬಗ್ಗೆ ಅಷ್ಟು ಕಾಳಜಿಯಿಂದ ಬರೆದ ಗ್ರಂಥ ಜಗತ್ತಿನಲ್ಲಿ ಇನ್ನೊಂದಿರಲಾರದು. ಗಿರಾಕಿ ಮಾಡಬೇಕಾದ್ದು ಇಷ್ಟೇ, ಕೊನೇ ಪುಟದಿಂದ ಓದುತ್ತಾ ಬರುವುದು. ಸರ್ಕಾರ ಚಾಪೆ ಕೆಳಗೆ ತೂರಿತು, ಚಾಪ್‌ಮನ್ ರಂಗೋಲಿ ಕೆಳಗೆ ತೂರಿದ. ಎಷ್ಟು ಜನರ ಕೈಯಲ್ಲಿ ಕೊನೆಗೆ ಎರಡು ನಟ್ಟು ಮಿಕ್ಕವು, ಅವು ಎಲ್ಲಿಯವು ಎಂದು ಎಷ್ಟು ಜನ ಹೆಂಡತಿಯ ಮುಂದೆ ಸುಳ್ಳು ಹೇಳಿದರು ಎಂಬುದರ ಲೆಕ್ಕ ಯಾವ ಇಲಾಖೆಯೂ ಇಟ್ಟಿಲ್ಲ.

ಹೀಗೆ ಬಿಡಿಭಾಗವಾಗಿ ಮಾರುವ ಕಿಟ್ ಕಾರಿನ ಚರಿತ್ರೆ ಬರೆಯುವವರು ಕನಸು, ಸಾಹಸ, ಸ್ವಂತ ಕೈಯ ಕೆಲಸದ ಹೆಮ್ಮೆ ಎಂದೆಲ್ಲ ಬರೆಯುತ್ತಾರೆ. ಬರೆಯಲಿ. ನನ್ನ ಮಟ್ಟಿಗೆ ಈ ಇಡೀ ಉದ್ಯಮದ ಮುಖ್ಯ ವಿನ್ಯಾಸಕಾರ ಸುಂಕದ ಕಟ್ಟೆಯಲ್ಲಿ ಕೂತಿದ್ದ ಗುಮಾಸ್ತ. ಕಾರಿನಲ್ಲಿ ಯಾವುದು ಇರಬೇಕು, ಯಾವುದು ಬಿಟ್ಟಿರಬೇಕು, ಯಾವ ತಿರುಪನ್ನು ಯಾರು ತಿರುಗಿಸಬೇಕು ಎಂಬುದನ್ನೆಲ್ಲ ತೀರ್ಮಾನಿಸಿದವನು ಅವನು. ಪಾಪ, ಅವನ ಹೆಸರನ್ನು ಒಂದು ಬಾನೆಟ್ಟಿನ ಮೇಲೂ ಹಾಕಲಿಲ್ಲ.

ಲೋಟಸ್ ಮುಂದೆ ದೊಡ್ಡದಾಯಿತು, ಫಾರ್ಮುಲಾ ಒನ್ ಗೆದ್ದಿತು, ಅದರ ಪುರಾಣ ಹೇಳಲು ನೂರು ಜನ ಇದ್ದಾರೆ. ನನಗೆ ಹೆಚ್ಚು ಪ್ರೀತಿ ವೇಲ್ಸ್‌ನ ಗಿಲ್ಬರ್ನ್ ಮೇಲೆ.

ವೇಲ್ಸ್‌ನ ಪಾಂಟಿಪ್ರೀದ್ ಪಟ್ಟಣದ ಹತ್ತಿರ ಚರ್ಚ್ ವಿಲೇಜ್ ಎಂಬ ಊರು. ಅಲ್ಲಿ ಜೈಲ್ಸ್ ಸ್ಮಿತ್ ಎಂಬಾತನ ಮಾಂಸದಂಗಡಿ. ಆತನಿಗೊಂದು ಕಿಟ್ ಕಾರು ಕಟ್ಟಿಕೊಳ್ಳುವ ಆಸೆ. ಅದೇ ಸೀಮೆಯಲ್ಲಿ ಬರ್ನಾರ್ಡ್ ಫ್ರೀಸ ಎಂಬ ಜರ್ಮನ್ ಎಂಜಿನಿಯರ್ ಇದ್ದ. ಯುದ್ಧಖೈದಿಯಾಗಿ ಬಂದು ಅಲ್ಲೇ ನೆಲೆ ನಿಂತವನು, ಫೈಬರ್‌ಗ್ಲಾಸ್ ಕೆಲಸ ಬಲ್ಲವನು, ತನಗಾಗಿ ಆಗಲೇ ಒಂದು ಕಾರು ಮಾಡಿಕೊಂಡವನು. ಬೇರೆಯವರ ಕಿಟ್ ಯಾಕೆ, ನಮ್ಮದೇ ಮಾಡೋಣ ಎಂದ. 1959ರಲ್ಲಿ ಮಾಂಸದಂಗಡಿಯ ಹಿತ್ತಲಿನಲ್ಲಿ ಕೆಲಸ ಶುರುವಾಯಿತು. ಜೈಲ್ಸ್‌ನ ಹೆಸರಿನ ಇಂಗ್ಲಿಷ್ ಅಕ್ಷರಗಳಿಂದ ಒಂದು ತುಂಡು, ಬರ್ನಾರ್ಡನ ಹೆಸರಿನಿಂದ ಒಂದು ತುಂಡು ಸೇರಿಸಿ ಗಿಲ್ಬರ್ನ್ ಎಂದರು. ಹೆಸರನ್ನೂ ಬಿಡಿಭಾಗಗಳಿಂದಲೇ ಜೋಡಿಸಿದ ಕಂಪನಿ.

ಮಾಂಸದಂಗಡಿಯವನಿಗೆ ಈ ವ್ಯಾಪಾರ ಹೊಸದು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಮಾಲನ್ನು ಇಡಿಯಾಗಿ ಮಾರದೆ ತೊಡೆ, ಪಕ್ಕೆಲುಬು, ಕಾಲು ಎಂದು ಬಿಡಿಬಿಡಿಯಾಗಿ ಕಟ್ಟಿಕೊಡುವುದು, ಉಳಿದ ಕೆಲಸವನ್ನು ಗಿರಾಕಿ ಮನೆಗೆ ಹೋಗಿ ಮಾಡಿಕೊಳ್ಳುವುದು, ರುಚಿ ಕೆಟ್ಟರೆ ಅದು ಅಡಿಗೆ ಮಾಡಿದವರ ತಪ್ಪಾಗುವುದು. ಕಿಟ್ ಕಾರಿನ ಸಕಲ ಶಾಸ್ತ್ರವೂ ಇದರಲ್ಲಿದೆ.

ಫೈಬರ್‌ಗ್ಲಾಸ್ ಬರದೇ ಇದ್ದಿದ್ದರೆ ಹಿತ್ತಲಿನಲ್ಲಿ ಕಾರು ಹುಟ್ಟುತ್ತಿರಲಿಲ್ಲ. ಉಕ್ಕಿನ ತಗಡನ್ನು ಬಾಗಿಲಾಗಿ, ಬಾನೆಟ್ಟಾಗಿ ಒತ್ತಲು ಮನೆಯಷ್ಟೆತ್ತರದ ಪ್ರೆಸ್ಸು ಬೇಕು, ಒಂದೊಂದು ಆಕಾರಕ್ಕೂ ಒಂದೊಂದು ಅಚ್ಚು ಕೆತ್ತಿಸಬೇಕು, ಲಕ್ಷಗಟ್ಟಲೆ ಕಾರು ಮಾರಿದರೆ ಮಾತ್ರ ಹಾಕಿದ ಬಂಡವಾಳ ಹುಟ್ಟುತ್ತದೆ. ಫೈಬರ್‌ಗೆ ಅದೊಂದೂ ಬೇಡ. ಅಚ್ಚಿನ ಒಳಮೈಗೆ ಮೇಣ ತಿಕ್ಕಬೇಕು, ಜೆಲ್‌ಕೋಟ್ ಬಳಿಯಬೇಕು, ಗಾಜಿನ ಎಳೆಯ ಮ್ಯಾಟನ್ನು ಕತ್ತರಿಸಿ ಹಾಸಬೇಕು, ಅದಕ್ಕೆ ಬ್ರಷ್ಷಿನಿಂದ ರೆಸಿನ್ ಕುಡಿಸಬೇಕು, ಗಾಳಿಗುಳ್ಳೆ ಉಳಿಯದಂತೆ ರೋಲರಿನಿಂದ ಒತ್ತಬೇಕು. ಮೂಗಿಗೆ ಅಡರುವ ಘಾಟು, ಅಂಗಿಯ ಕಾಲರಿನೊಳಗೆ ಸೇರಿದ ಗಾಜಿನ ಪುಡಿಯ ತುರಿಕೆ, ಇವು ಉಚಿತ. ಗಟ್ಟಿಯಾದ ಮೇಲೆ ಅಚ್ಚಿನಿಂದ ಕಿತ್ತರೆ ಕಾರಿನ ಮೈ ಕೈಗೆ ಬರುತ್ತದೆ. ಎರಡು ಕೈ, ಒಂದು ಬ್ರಷ್ಷು, ಸುಮಾರಾದ ತಾಳ್ಮೆ ಇದ್ದವನೆಲ್ಲ ಕಾರು ಕಾರ್ಖಾನೆಯ ಮಾಲೀಕನಾಗಬಹುದು ಎಂಬ ಸ್ಥಿತಿ ಬಂತು, ಅನೇಕರು ಆಗಿಯೂಬಿಟ್ಟರು.

ಆಗಿನ ಪಟ್ಟಿ ನೋಡಿದರೆ ಜಾತ್ರೆಗೆ ಹೋದ ಹಾಗಾಗುತ್ತದೆ. ಫೇರ್‌ಥಾರ್ಪ್ ಎಂಬ ಕಂಪನಿಯ ಯಜಮಾನ ಡಾನ್ ಬೆನೆಟ್, ಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಏರ್ ವೈಸ್ ಮಾರ್ಷಲ್ ಆಗಿದ್ದವರು. ಮಾರ್ಕೋಸ್‌ನವರು ಪ್ಲೈವುಡ್ಡಿನಲ್ಲಿ ಷಾಸಿ ಕಟ್ಟಿದರು. ಸಫಕ್‌ನಲ್ಲಿ ವಾಕ್ಲೆಟ್ ಸಹೋದರರು ಜಿನೆಟ್ಟಾ ಮಾಡಿದರು. ಬ್ಲಾಕ್‌ಪೂಲ್‌ನಲ್ಲಿ ಟಿವಿಆರ್. ಎಲ್ಲರ ಮೂಲಪುರುಷ ಒಬ್ಬನೇ, ನೂರಕ್ಕೆ 60.

ಗಿಲ್ಬರ್ನ್ ಇವರ ನಡುವೆ ಸ್ವಲ್ಪ ಮರ್ಯಾದಸ್ಥ. ಸ್ಮಿತ್ ಮತ್ತು ಫ್ರೀಸ ಹಿತ್ತಲಿನಿಂದ ಲಾಂಟ್‌ವಿಟ್ ಫಾರ್ಡ್ರೆಯ ರೆಡ್ ಆಶ್ ಎಂಬ ಹಳೇ ಕಲ್ಲಿದ್ದಲು ಗಣಿಯ ಜಾಗಕ್ಕೆ ಕಾರ್ಖಾನೆ ಸಾಗಿಸಿದರು. ಕಾರಿನ ಮೂತಿಗೆ ವೇಲ್ಸ್‌ನ ಕೆಂಪು ಡ್ರ್ಯಾಗನ್ ಲಾಂಛನ ಅಂಟಿಸಿದರು. ಮೊದಲ ಕಾರು ಜಿಟಿ. ಅದರೊಳಗೆ ಬೇರೆ ಬೇರೆ ಎಂಜಿನ್ ಕೂತವು, ಕೊನೆಗೆ ಎಂಜಿಬಿ ಕಾರಿನ 1,798 ಸಿಸಿ ಎಂಜಿನ್. 1966ರಲ್ಲಿ ಫೋರ್ಡ್ ವಿ6 ಎಂಜಿನ್ನಿನ ಜೀನಿ, 1969ರಲ್ಲಿ ಇನ್ವೇಡರ್. ಇನ್ವೇಡರ್ ಎಂದರೆ ದಂಡೆತ್ತಿ ಬಂದವನು. ಗಣಿಯೂರಿನಲ್ಲಿ ವಾರಕ್ಕೆ ಬೆರಳೆಣಿಕೆಯಷ್ಟು ಕಾರು ಮಾಡುವ ಕಂಪನಿ ಯಾರ ಮೇಲೆ ದಂಡೆತ್ತಿ ಹೊರಟಿತ್ತೋ.

ಗಿಲ್ಬರ್ನ್ ಗಿರಾಕಿ ಲೋಟಸ್ ಗಿರಾಕಿಯ ಹಾಗೆ ಕೈಗೆ ಗ್ರೀಸು ಹತ್ತಿಸಿಕೊಳ್ಳುವ ಪೈಕಿಯಲ್ಲ. ಕಂಪನಿಗೂ ಅದು ಗೊತ್ತು. ಆದ್ದರಿಂದ ಅವರು ಕೊಡುತ್ತಿದ್ದ ಬಿಡಿಭಾಗದ ಗುಣಲಕ್ಷಣ ಹೀಗಿತ್ತು: ಬಣ್ಣ ಹೊಡೆದಾಗಿದೆ, ಸೀಟು ಕೂರಿಸಿಯಾಗಿದೆ, ವೈರಿಂಗ್ ಎಳೆದಾಗಿದೆ, ಗಾಜು ಹಾಕಿಯಾಗಿದೆ, ಡ್ಯಾಶ್‌ಬೋರ್ಡಿನಲ್ಲಿ ಮೀಟರುಗಳು ಮಿಣುಗುತ್ತಿವೆ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಸೈಲೆನ್ಸರು, ಚಕ್ರ ಇಷ್ಟನ್ನು ಮಾತ್ರ ಪಕ್ಕದಲ್ಲಿ ಇಟ್ಟುಕೊಡುತ್ತಿದ್ದರು. ಮದುವೆಗೆ ಸಿದ್ಧವಾಗಿ ಕೂತಿರುವ ಇದನ್ನು ಕಾರು ಅನ್ನಬಹುದೇ? ಛೆ, ಎಲ್ಲಾದರೂ ಉಂಟೆ! ಚಕ್ರವೇ ಇಲ್ಲವಲ್ಲ.

ಶನಿವಾರ ಬೆಳಗ್ಗೆ ಒಬ್ಬ ಬ್ಯಾಂಕ್ ಅಧಿಕಾರಿಯ ಷೆಡ್ಡಿಗೆ ಇದು ಬಂದಿಳಿಯುತ್ತದೆ ಎಂದುಕೊಳ್ಳಿ. ಪಕ್ಕದ ಮನೆಯವನು ತೊಲೆಗೆ ಚೈನ್ ಪುಲ್ಲಿ ಕಟ್ಟಿಕೊಡುತ್ತಾನೆ. ಎಂಜಿನ್ ತೂಗಾಡುತ್ತಾ ಇಳಿಯುತ್ತದೆ. ಗೇರ್‌ಬಾಕ್ಸಿನ ಷಾಫ್ಟು ಕ್ಲಚ್ಚಿನ ತೂತಿಗೆ ಹೋಗಲು ಒಲ್ಲೆನ್ನುತ್ತದೆ. ಸಾಹೇಬರು ಕೆಳಗೆ ಮಲಗಿ ಮೊಣಕಾಲಿನಿಂದ ಎತ್ತುತ್ತಾರೆ, ಇನ್ನೊಬ್ಬ ಮೇಲಿಂದ ಅಲ್ಲಾಡಿಸುತ್ತಾನೆ, ಕೊನೆಗೆ ಯಾಕೆ ಎಂದು ಯಾರಿಗೂ ತಿಳಿಯದ ಹಾಗೆ ಅದು ತಾನಾಗಿಯೇ ಟಕ್ಕೆಂದು ಕೂರುತ್ತದೆ. ಭಾನುವಾರ ಸಂಜೆ ಚಕ್ರದ ಕೊನೆಯ ನಟ್ಟು ಬಿಗಿಯಾದ ಕ್ಷಣದಲ್ಲಿ ಸಾಮಾನು ಹೋಗಿ ಕಾರಾಗುತ್ತದೆ. ಸೋಮವಾರ ಬ್ಯಾಂಕಿನಲ್ಲಿ ಅವರು ಹೇಳುವ ಮಾತು, ‘ನಾನೇ ಕಟ್ಟಿದ್ದು’. ಸರ್ಕಾರಕ್ಕೆ ಟೋಪಿ ಹಾಕುವುದನ್ನೇ ಹವ್ಯಾಸ ಎಂದು ಕರೆಯಲು ಬರುವ ದೇಶದಲ್ಲಿ ಮಾತ್ರ ಇಂಥ ಉದ್ಯಮ ಬೆಳೆಯಲು ಸಾಧ್ಯ.

ಟೋಪಿ ಎನ್ನುವುದೂ ತಪ್ಪೇ ಅನ್ನಿ. ಎಲ್ಲವೂ ಕಾನೂನಿನ ಒಳಗೇ ನಡೆದದ್ದು. ಟೋಪಿಯನ್ನು ಸರ್ಕಾರವೇ ಹೊಲಿದು ಕೊಟ್ಟಿತ್ತು, ಇವರು ತಲೆ ನೋಡಿ ಹಾಕಿದರು ಅಷ್ಟೆ.

1968ರಲ್ಲಿ ಗಿಲ್ಬರ್ನ್ ಕೈ ಬದಲಾಯಿಸಿತು. ಕೊಂಡವರು ಏಸ್ ಎಂಬ ಸಂಸ್ಥೆ. ಅವರ ಮೂಲ ಕಸುಬು ಪಬ್ಬುಗಳಲ್ಲಿ ಇಡುವ ಜೂಜಿನ ಯಂತ್ರ. ನಾಣ್ಯ ಹಾಕಿ, ಹಿಡಿ ಎಳೆದು, ಚೆರ್ರಿ ಹಣ್ಣು ಸಾಲಾಗಿ ನಿಲ್ಲುತ್ತದೋ ಎಂದು ಬಾಯಿ ಬಿಟ್ಟುಕೊಂಡು ನೋಡುತ್ತಾರಲ್ಲ, ಅದು. ಮಾಂಸದಂಗಡಿಯಲ್ಲಿ ಹುಟ್ಟಿ ಜೂಜುಕಟ್ಟೆಗೆ ದತ್ತು ಹೋದ ಕಾರು ಇದೊಂದೇ ಇರಬೇಕು. ಹೊಸ ಯಜಮಾನರು ಬಂದ ಮೇಲೆ ಸ್ಮಿತ್ತೂ ಹೊರಟ, ಫ್ರೀಸನೂ ಹೊರಟ. ಕಂಪನಿಯಲ್ಲಿ ಉಳಿದದ್ದು ಇಬ್ಬರ ಹೆಸರಿನ ತುಂಡು.

ಹೊಸಬರಿಗೆ ದೊಡ್ಡ ಮನುಷ್ಯರಾಗುವ ಆಸೆ. 1972ರಲ್ಲಿ ಬಂದ ಇನ್ವೇಡರ್ ಮಾರ್ಕ್ 3 ಬಿಡಿಬಿಡಿಯಾಗಿ ಸಿಗುತ್ತಿರಲಿಲ್ಲ. ಪೂರ್ತಿ ಕಾರು, ಪೂರ್ತಿ ಬೆಲೆ. ಪೂರ್ತಿ ಬೆಲೆ ಎಂದ ಕೂಡಲೇ ಗಿರಾಕಿಯ ಕಣ್ಣು ಪಕ್ಕದ ಅಂಗಡಿಯತ್ತ ಹೊರಳುತ್ತದೆ. ಅಷ್ಟೇ ದುಡ್ಡಿಗೆ ಮನೆತನದ ಹೆಸರಿರುವ, ಊರೂರಲ್ಲಿ ಷೋರೂಂ ಇರುವ, ಬಾಗಿಲು ಸರಿಯಾಗಿ ಹಾಕಿಕೊಳ್ಳುವ ಕಾರು ಸಿಗುವಾಗ ಗಣಿಯೂರಿನ ಡ್ರ್ಯಾಗನ್ ಯಾರಿಗೆ ಬೇಕು? ಬಿಡಿಯಾಗಿದ್ದಾಗ ಇದ್ದ ಮರ್ಯಾದೆ ಇಡಿಯಾದಾಗ ಉಳಿಯಲಿಲ್ಲ.

ಆಮೇಲೆ 1973 ಬಂತು. ಜನವರಿ 1ರಂದು ಬ್ರಿಟನ್ ಯುರೋಪಿನ ಸಾಮಾನ್ಯ ಮಾರುಕಟ್ಟೆ ಸೇರಿತು. ಏಪ್ರಿಲ್ 1ರಂದು, ದಿನ ನೋಡಿಯೇ ಇಟ್ಟರೋ ಏನೋ, ಕೊಳ್ಳುವ ತೆರಿಗೆ ಹೋಗಿ ವ್ಯಾಟ್ ಬಂತು. ವ್ಯಾಟ್‌ಗೆ ಉಪನಿಷತ್ತಿನ ಗೊಡವೆ ಇಲ್ಲ. ಕಾರು ಎಂದರೆ ಯಾವುದು ಎಂದು ಅದು ಕೇಳುವುದೇ ಇಲ್ಲ. ಚಕ್ರಕ್ಕೂ ನೂರಕ್ಕೆ 10, ಸ್ಟೀರಿಂಗಿಗೂ ನೂರಕ್ಕೆ 10, ಬಿಚ್ಚಿಟ್ಟರೂ ಹಾಕು, ಜೋಡಿಸಿಟ್ಟರೂ ಹಾಕು. ಇಡೀ ಕಾರಿನ ಮೇಲೆ ನೂರಕ್ಕೆ 10ರ ಇನ್ನೊಂದು ಕಾರ್ ಟ್ಯಾಕ್ಸ್ ಇತ್ತು ನಿಜ. ಆದರೆ ಹಿಂದಿನ ಕಾಲದ ಕಮಾಯಿ ಎಲ್ಲಿ, ಈ ಪುಡಿಗಾಸು ಎಲ್ಲಿ! ಅದೇ ವರ್ಷ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲದ ನಲ್ಲಿ ತಿರುವಿದವು. ಚಳಿಗಾಲದಲ್ಲಿ ಗಣಿ ಕಾರ್ಮಿಕರ ಹೋರಾಟದಿಂದ ಕಲ್ಲಿದ್ದಲಿಗೆ ಬರ ಬಂದು ಸರ್ಕಾರ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ಕರೆಂಟು ಎಂದಿತು. 1974ರ ಹೊತ್ತಿಗೆ ಗಿಲ್ಬರ್ನ್ ಬಾಗಿಲು ಹಾಕಿತು. ಎಲ್ಲ ಸೇರಿ ಮಾಡಿದ್ದು ಸುಮಾರು ಒಂದು ಸಾವಿರ ಕಾರು.

ಅದರ ಶವಪರೀಕ್ಷೆ ಮಾಡಿದವರು ಹಣಕಾಸು, ಆಡಳಿತ, ತೈಲ ಎಂದು ಹಲವು ಕಾರಣ ಕೊಡುತ್ತಾರೆ. ಎಲ್ಲವೂ ಇದ್ದಿರಬಹುದು. ಆದರೆ ಕಂಪನಿಯ ನಿಜವಾದ ಷಾಸಿ ಚೌಕ ಉಕ್ಕಿನ ಕೊಳವೆಗಳದಲ್ಲ, ತೆರಿಗೆಯ ಒಂದು ಉಪಕಲಮು. ಆ ಕಲಮನ್ನೇ ಎಳೆದುಕೊಂಡ ಮೇಲೆ ಮೇಲಿನ ಫೈಬರ್ ಮೈ ಎಷ್ಟು ದಿನ ನಿಂತೀತು?

ಚಾಪ್‌ಮನ್‌ಗೆ ಗಾಳಿಯ ದಿಕ್ಕು ಮೊದಲೇ ತಿಳಿದಿತ್ತು. ಕಿಟ್ಟಿನ ಸಹವಾಸ ಬಿಟ್ಟು ಸಿರಿವಂತರ ಕಾರಿನ ಕಡೆ ಹೊರಳಿದ. ಸೆವೆನ್ನಿನ ಹಕ್ಕನ್ನು 1973ರಲ್ಲಿ ಸರ್ರೆಯ ಕೇಟರಮ್ ಊರಿನ ಡೀಲರ್ ಗ್ರಹಾಂ ನರ್ನ್‌ಗೆ ಮಾರಿದ. ಚಾಪ್‌ಮನ್ನನ ಮುಂದಿನ ಕತೆ ಅಷ್ಟು ತಮಾಷೆಯದಲ್ಲ. ಲೋಟಸ್ ಕೈಯಾಡಿಸಿದ್ದ ಡಿಲೋರಿಯನ್ ಎಂಬ ಕಾರಿಗಾಗಿ ಬ್ರಿಟಿಷ್ ಸರ್ಕಾರ ಸುರಿದ ಹಣದಲ್ಲಿ ಒಂದು ಪಾಲು ಅಡ್ಡದಾರಿ ಹಿಡಿದದ್ದು ಹೊರಬಿತ್ತು. ಅವನು 1982ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದ. ಹತ್ತು ವರ್ಷದ ಮೇಲೆ ಬೆಲ್‌ಫಾಸ್ಟಿನಲ್ಲಿ ಲೋಟಸ್‌ನ ಹಳೇ ಲೆಕ್ಕಿಗನಿಗೆ ಮೂರು ವರ್ಷ ಜೈಲಾಯಿತು. ಚಾಪ್‌ಮನ್ ಬದುಕಿದ್ದಿದ್ದರೆ ಕನಿಷ್ಠ ಹತ್ತು ವರ್ಷ ಕೊಡುತ್ತಿದ್ದೆ ಎಂದು ನ್ಯಾಯಾಧೀಶರು ಹೇಳಿದರು. ಕೈಪಿಡಿಯನ್ನು ಹಿಂದಿನಿಂದ ಮುಂದಕ್ಕೆ ಓದುವ ಅಭ್ಯಾಸ ಒಮ್ಮೆ ಹಿಡಿದರೆ ಲೆಡ್ಜರಿನವರೆಗೂ ಬರುತ್ತದೆ ಎಂದು ಕಾಣುತ್ತದೆ.

ಸುಂಕ ನೋಡಿ ಕಾರು ಕಟ್ಟುವ ವಿದ್ಯೆ ಕಿಟ್‌ನವರ ಸ್ವತ್ತಲ್ಲ. ಇಂಗ್ಲೆಂಡಿನ ಟ್ಯಾಮ್‌ವರ್ತ್‌ನ ರಿಲಯಂಟ್ ಕಂಪನಿ (ನಮ್ಮ ರಿಲಯನ್ಸ್ ಅಲ್ಲ, ಅವರಿಗೆ ಇಷ್ಟು ಸಣ್ಣ ವ್ಯವಹಾರ ಒಗ್ಗುವುದಿಲ್ಲ) ಮೂರು ಚಕ್ರದ ಕಾರು ಮಾಡಿ ಹೆಸರಾದದ್ದೂ ಹೀಗೆಯೇ. ಮೂರು ಚಕ್ರ, ಹಗುರ ಮೈ ಇದ್ದರೆ ಮೋಟಾರ್‌ಸೈಕಲ್ಲಿನ ಲೈಸೆನ್ಸು ಸಾಕಿತ್ತು, ರಸ್ತೆ ತೆರಿಗೆಯೂ ಕಡಿಮೆಯಿತ್ತು. ಒಂದು ಚಕ್ರ ತೆಗೆದದ್ದು ತಿರುವಿನಲ್ಲಿ ಮಗುಚುವ ಥ್ರಿಲ್ಲಿಗಾಗಿ ಅಲ್ಲ. ಅದೇ ಕಂಪನಿ ನಾಲ್ಕು ಚಕ್ರದ ಕಿಟನ್ ಎಂಬ 848 ಸಿಸಿ ಫೈಬರ್ ಕಾರನ್ನೂ ಮಾಡಿತು. ಅದು ಅಲ್ಲಿ ಮುಗ್ಗರಿಸಿತು, ಎದ್ದು ಬಂದು ನಿಂತದ್ದು ನಮ್ಮ ಬೆಂಗಳೂರಿನಲ್ಲಿ. 1970ರ ದಶಕದಲ್ಲಿ ಬಾದಲ್ ಎಂಬ ಮೂರು ಚಕ್ರದ ಫೈಬರ್ ಕಾರು ಮಾಡಿ ಅನುಭವವಿದ್ದ ಸಿಪಾನಿಯವರು ಕಿಟನ್ನನ್ನು 1982ರಲ್ಲಿ ಡಾಲ್ಫಿನ್ ಎಂದು ನಾಮಕರಣ ಮಾಡಿ ರಸ್ತೆಗೆ ಬಿಟ್ಟರು. ಹಗುರ, ಚುರುಕು, ರೇಸಿನವರಿಗೆ ಅಚ್ಚುಮೆಚ್ಚು. ಆದರೆ ಎರಡೇ ಬಾಗಿಲು. ಹಿಂದಿನ ಸೀಟಿಗೆ ಅಜ್ಜಿಯನ್ನು ಹತ್ತಿಸಬೇಕಾದರೆ ಮುಂದಿನ ಸೀಟು ಮಡಚಬೇಕು, ಇಳಿಸಬೇಕಾದರೆ ಅಜ್ಜಿಯನ್ನೇ ಮಡಚಬೇಕು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅಜ್ಜಿ ಅದರಲ್ಲಿ ಕೂತರು.

ನಮ್ಮ ದೇಶಕ್ಕೂ ಕಿಟ್ ಕಾರಿಗೂ ಸಂಬಂಧ ಅದಕ್ಕಿಂತ ಹಳೆಯದು. ಜನರಲ್ ಮೋಟಾರ್ಸ್ 1928ರಲ್ಲೇ ಮುಂಬಯಿಯ ಸೇವ್ರಿಯಲ್ಲಿ ಪೆಟ್ಟಿಗೆ ಒಡೆದು ಷೆವ್ರೊಲೆ ಜೋಡಿಸುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ, 1953ರ ಟಾರಿಫ್ ಕಮಿಷನ್ ವರದಿಯ ಬೆನ್ನಿಗೆ, ಇಲ್ಲೇ ತಯಾರಿಸುವ ಯೋಜನೆ ಇಲ್ಲದೆ ಬರೀ ಜೋಡಿಸಿ ಮಾರುವವರು ಹೊರಡಿ ಎಂದು ಸರ್ಕಾರ ಹೇಳಿತು. ಜನರಲ್ ಮೋಟಾರ್ಸೂ ಫೋರ್ಡೂ ಗಂಟುಮೂಟೆ ಕಟ್ಟಿದವು. ಎಪ್ಪತ್ತು ವರ್ಷ ಕಳೆಯಿತು. 2024ರ ಸೆಪ್ಟೆಂಬರಿನಲ್ಲಿ ನಮ್ಮ ಕಸ್ಟಮ್ಸ್‌ನವರು ಸ್ಕೋಡಾ ಫೋಕ್ಸ್‌ವ್ಯಾಗನ್ ಇಂಡಿಯಾಕ್ಕೆ 140 ಕೋಟಿ ಡಾಲರಿನ ನೋಟಿಸು ಕೊಟ್ಟರು. ಇಲಾಖೆಯ ಆರೋಪ ಏನು ಗೊತ್ತೇ? ಹೆಚ್ಚುಕಮ್ಮಿ ಇಡೀ ಕಾರನ್ನೇ ಬಿಚ್ಚಿ ತಂದಿದ್ದೀರಿ, ಕಿಟ್ ಎಂದು ಬರೆದಿದ್ದರೆ ನೂರಕ್ಕೆ 30ರಿಂದ 35 ಕಟ್ಟಬೇಕಿತ್ತು, ಬೇರೆ ಬೇರೆ ಹಡಗು ಖೇಪಿನಲ್ಲಿ ತರಿಸಿ ಬಿಡಿಭಾಗ ಎಂದು ಬರೆದು 5ರಿಂದ 15 ಮಾತ್ರ ಕಟ್ಟಿದ್ದೀರಿ ಎಂಬುದು. ಕಂಪನಿ ಅದನ್ನು ಒಪ್ಪದೆ ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಸರಿ ಯಾರದು ಎಂದು ಹೇಳಲು ನ್ಯಾಯಮೂರ್ತಿಗಳಿದ್ದಾರೆ. ಮುಂಬಯಿಯ ಕೋರ್ಟಿನಲ್ಲಿ ಎರಡೂ ಕಡೆಯ ದೊಡ್ಡ ವಕೀಲರು, ಗಂಟೆಗೆ ಲಕ್ಷ ಲಕ್ಷ ಫೀಸು ತೆಗೆದುಕೊಂಡು, ಕಾರು ಎಂದರೆ ಯಾವುದು ಎಂದು ವಾದಿಸಿದ್ದನ್ನು ನೆನೆದು ನನಗೆ ಪರಮಾನಂದವಾಗುತ್ತದೆ. ಆ ಗುಮಾಸ್ತನ ಆತ್ಮ ಎಲ್ಲಿದ್ದರೂ ಕಿವಿ ನಿಮಿರಿಸಿ ಕೇಳಿರಬೇಕು.

ಇದು ಹಡಗಿನಲ್ಲಿ ತರುವವರ ಮಾತಾಯಿತು. ಹಿತ್ತಲಿನಲ್ಲಿ ಕಟ್ಟುವವನಿಗೆ ನಮ್ಮಲ್ಲಿ ಗತಿ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಗಾಡಿಯ ಸ್ವರೂಪ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿ ಮಾಡಿ ಹೇಳಿತು. 2021ರ ಕೊನೆಯಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಒಬ್ಬ ಕಮ್ಮಾರ ಗುಜರಿ ಸಾಮಾನಿನಿಂದ ಪುಟ್ಟ ಜೀಪೊಂದನ್ನು ಕಟ್ಟಿದ. ಬೈಕಿನ ಹಾಗೆ ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಖರ್ಚು ಸುಮಾರು 60,000 ರೂಪಾಯಿ. ಮಕ್ಕಳ ಆಸೆಗೆಂದು ಮಾಡಿದ್ದು. ಆನಂದ್ ಮಹೀಂದ್ರಾ ವಿಡಿಯೊ ನೋಡಿ ಮೆಚ್ಚಿದರು, ಆದರೆ ನಿಯಮಕ್ಕೆ ಹೊಂದದ ಈ ಗಾಡಿಯನ್ನು ಇವತ್ತಲ್ಲ ನಾಳೆ ಅಧಿಕಾರಿಗಳು ತಡೆಯುತ್ತಾರೆ, ಅದನ್ನು ನನಗೆ ಕೊಟ್ಟು ಒಂದು ಬೊಲೆರೊ ತಗೋ ಎಂದರು. ಅವನು ತಗೊಂಡ. ಯಾರಿಗೂ ಅನ್ಯಾಯವಾಗಲಿಲ್ಲ, ಎಲ್ಲರೂ ಚಪ್ಪಾಳೆ ಹೊಡೆದರು. ನಮ್ಮ ದೇಶದಲ್ಲಿ ಮನೆಯಲ್ಲಿ ಕಾರು ಕಟ್ಟುವುದರಿಂದ ಆಗುವ ಅತ್ಯುತ್ತಮ ಪರಿಣಾಮ ಎಂದರೆ ಕಾರ್ಖಾನೆಯಲ್ಲಿ ಕಟ್ಟಿದ ಕಾರು ಸಿಗುವುದು.

ಇಂಗ್ಲೆಂಡಿನಲ್ಲಿ, ಸೆವೆನ್ನಿನ ಹಕ್ಕು ಕೊಂಡ ನರ್ನ್‌ನ ಕೇಟರಮ್ ಕಂಪನಿ ಇವತ್ತಿಗೂ ಬದುಕಿದೆ. 2021ರಲ್ಲಿ ಜಪಾನಿನ ವಿಟಿ ಹೋಲ್ಡಿಂಗ್ಸ್ ಅದನ್ನು ಕೊಂಡಿತು. ಅದೇ ಸೆವೆನ್, ಅದೇ ಸೈಕಲ್ ರೆಕ್ಕೆಯ ಮಡ್‌ಗಾರ್ಡು, ಮಳೆ ಬಂದರೆ ಅದೇ ಒದ್ದಾಟ. ಸುಜುಕಿಯ 660 ಸಿಸಿ ಎಂಜಿನ್ನಿನ 170 ಎಂಬ ಮಾದರಿಯ ತೂಕ 440 ಕಿಲೋ. ಈಗಲೂ ಪೆಟ್ಟಿಗೆಯಲ್ಲಿ ಸಿಗುತ್ತದೆ. ಹಿಂದೆ ದುಡ್ಡಿಲ್ಲದವನು ಪೆಟ್ಟಿಗೆ ಒಯ್ಯುತ್ತಿದ್ದ, ಈಗ ಅಷ್ಟು ಬೆಲೆ ಕೊಟ್ಟು ಒಯ್ಯುವವನಿಗೆ ದುಡ್ಡಿನ ಚಿಂತೆ ಇಲ್ಲ, ಭಾನುವಾರ ಮಾಡಲು ಕೆಲಸ ಬೇಕಾಗಿದೆ.

ತೆರಿಗೆಯ ತಂಟೆ ಹೋಯಿತೆಂದು ಸರ್ಕಾರ ಸುಮ್ಮನೆ ಕೂತಿಲ್ಲ. ಉಪನಿಷತ್ತು ಮುಂದುವರಿಯಿತು. ಈಗಿನ ಪ್ರಶ್ನೆ: ಹಳೇ ಕಾರಿನ ಭಾಗ ಹಾಕಿ ಕಟ್ಟಿದ್ದು ಹಳೇ ಕಾರೋ ಹೊಸ ಕಾರೋ? ಇದಕ್ಕೆ ನೋಂದಣಿ ಇಲಾಖೆಯವರು ದಶಕಗಳ ಕಾಲ ಅಂಕ ಹಾಕುವ ಪದ್ಧತಿ ಇಟ್ಟುಕೊಂಡಿದ್ದರು. ಮೂಲ ಷಾಸಿಗೆ 5 ಅಂಕ. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್ ತಲಾ 2. ಎಂಜಿನ್ನಿಗೆ 1. ಪಾಸಾಗಲು 8 ಬೇಕಿತ್ತು. ಹೃದಯಕ್ಕೆ ಒಂದಂಕ, ಅಸ್ಥಿಪಂಜರಕ್ಕೆ ಐದು. ಸರ್ಕಾರಿ ನೌಕರಿಯ ಸಂದರ್ಶನದಲ್ಲೂ ಹೀಗೇ ಅಂಕ ಹಾಕುತ್ತಾರೆ ಎಂಬ ಅನುಮಾನ ನನಗೆ ಮುಂಚಿನಿಂದ ಇದೆ. ಹುಟ್ಟಿದ ವರ್ಷ ಪತ್ತೆಯಾಗದ ಗಾಡಿಗೆ 1983ರಿಂದ ‘ಕ್ಯೂ’ ಎಂಬ ಅಕ್ಷರದಿಂದ ಶುರುವಾಗುವ ನಂಬರು. ತಂದೆ ಯಾರೆಂದು ಗೊತ್ತಿಲ್ಲ ಎಂದು ಹಣೆಗೆ ಬರೆದುಕೊಂಡು ರಸ್ತೆಗಿಳಿಯಬೇಕು.

ಅದೂ ಸಾಲದೆಂದು 1998ರಲ್ಲಿ ಒಂದು, 2009ರಲ್ಲಿ ಇನ್ನೂ ಬಿಗಿಯಾದ ಮತ್ತೊಂದು ತಪಾಸಣೆ ಬಂತು. ಮನೆಯಲ್ಲಿ ಕಟ್ಟಿದ ಕಾರನ್ನು ಅಧಿಕಾರಿಯ ಮುಂದೆ ನಿಲ್ಲಿಸಬೇಕು. ಬ್ರೇಕು, ದೀಪ, ಹೊಗೆ ಎಲ್ಲ ನೋಡಿ ಆಮೇಲೆ ಮೈಮೇಲಿನ ಅಂಚುಗಳನ್ನು ಅಳೆಯುತ್ತಾನೆ. ಪಾದಚಾರಿಗೆ ತಗಲಿದರೆ ಕೊಯ್ಯಬಾರದು, ಅಂಚಿನ ದುಂಡು ಕನಿಷ್ಠ 2.5 ಮಿಲಿಮೀಟರ್ ಇರಬೇಕು. ತಗಡಿನ ಅಂಚು ಅಷ್ಟು ದುಂಡಗಿರುವುದು ಕಷ್ಟ. ಅದಕ್ಕೇ ತಪಾಸಣೆಯ ಹಿಂದಿನ ರಾತ್ರಿ ಕಾರಿನ ಚೂಪಾದ ಕಡೆಗೆಲ್ಲ ರಬ್ಬರ್ ಪಟ್ಟಿ ಸಿಕ್ಕಿಸುತ್ತಾರೆ, ನಟ್ಟುಗಳ ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕುತ್ತಾರೆ. ಅಧಿಕಾರಿ ಅಳೆಯುತ್ತಾನೆ, ತಲೆಯಾಡಿಸುತ್ತಾನೆ, ಸಹಿ ಹಾಕುತ್ತಾನೆ. ಮಾರನೇ ಬೆಳಗ್ಗೆ ರಬ್ಬರನ್ನು ಕಿತ್ತು ಮುಂದಿನ ಸರದಿಯವನಿಗೆ ದಾಟಿಸುತ್ತಾರೆ. ಎಫ್.ಸಿ. ಮಾಡಿಸುವ ದಿನ ಪಕ್ಕದ ಲಾರಿಯ ಟೈರು ಸಾಲ ತಂದು ಹಾಕಿಕೊಂಡು ಆರ್.ಟಿ.ಓ. ಆಫೀಸಿಗೆ ಹೋಗುವ ನಮ್ಮ ಲಾರಿ ಮಾಲೀಕರ ಕಿವಿಗೆ ಈ ವಿಷಯ ಬಿದ್ದರೆ ಇಂಗ್ಲೆಂಡಿನವರ ಮೇಲೆ ಪೇಟೆಂಟ್ ಕೇಸು ಹಾಕಿಯಾರು.